ಎಂಟು ಸೆಕೆಂಡಿನ ಬಾಗಿಲು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬಿಲ್ಡಕ್ಕ ಎಂದೇ ಕರೆಯುತ್ತಿದ್ದರು. ಅದು ಲಿಫ್ಟುಗಳಿಗೆ ಬೋರ್ಡು ಮಾಡುವ ಸಣ್ಣ ಕಂಪನಿ. ಬಾಗಿಲು ತೆರೆ, ಮುಚ್ಚು, ಮೂರನೆಯ ಮಹಡಿಗೆ ಹೋಗು ಎಂದು ಲಿಫ್ಟಿಗೆ ಹೇಳುವುದು ಆ ಬೋರ್ಡು. ಬೋರ್ಡಿಗೆ ಬುದ್ಧಿ ಕೊಡುವ ಪ್ರೋಗ್ರಾಮನ್ನು ನೂರಾರು ಫೈಲುಗಳಿಂದ ಜೋಡಿಸಿ ಒಂದು ಮಾಡುವ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ಬಿಲ್ಡ್ ದಿನಕ್ಕೆ ಐದು ಸಲ ಕೆಡುತ್ತಿತ್ತು, ಐದು ಸಲವೂ ಎಲ್ಲರ ಕುರ್ಚಿಗಳು ಅವಳ ಮೇಜಿನ ಕಡೆ ತಿರುಗುತ್ತಿದ್ದವು.

ಅವಳು ಇಂಜಿನಿಯರಿಂಗ್ ಓದಿದವಳಲ್ಲ. ಒಂಬತ್ತು ವರ್ಷದ ಹಿಂದೆ ಬೋರ್ಡಿಗೆ ಬೆಸುಗೆ ಹಾಕಲು ಸೇರಿಕೊಂಡವಳು. ತಾನು ಇಷ್ಟು ಚೆಂದ ಬೆಸುಗೆ ಹಾಕಿದ ಬೋರ್ಡು ಯಾಕೆ ಮಾತು ಕೇಳುವುದಿಲ್ಲ ಎಂದು ತಲೆ ಕೆಡಿಸಿಕೊಂಡು, ಅವರಿವರ ಪುಸ್ತಕ ತಂದು ಓದಿ, ಅವರಿವರ ಹೆಗಲ ಮೇಲಿಂದ ಇಣುಕಿ ಕಲಿತು, ಕೊನೆಗೆ ಕಂಪ್ಯೂಟರಿನ ಮುಂದೆ ಬಂದು ಕೂತುಬಿಟ್ಟಿದ್ದಳು. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಬಿಲ್ಡಿನ ರೋಗ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿ ಎರಡು ಫೈಲುಗಳಿದ್ದವು. ಒಂದು ಮನುಷ್ಯರು ಬರೆಯುವ ಸೆಟ್ಟಿಂಗ್ ಫೈಲು: ಮಹಡಿ ಎಷ್ಟು, ಬಾಗಿಲು ಎಷ್ಟು ಸೆಕೆಂಡು ತೆರೆದಿರಬೇಕು, ಗಂಟೆ ಎಷ್ಟು ಜೋರಾಗಿ ಹೊಡೆಯಬೇಕು. ಇನ್ನೊಂದು, ಅದನ್ನು ನೋಡಿಕೊಂಡು ಯಂತ್ರವೇ ಬರೆಯುವ ಫೈಲು. ಬೋರ್ಡು ನಂಬುವುದು ಈ ಎರಡನೆಯದನ್ನು. ಮೊದಲನೆಯದು ಬದಲಾದರೆ ಎರಡನೆಯದು ತಾನಾಗಿ ಹೊಸದಾಗಬೇಕು. ಆಗುತ್ತಿರಲಿಲ್ಲ. ಒಮ್ಮೊಮ್ಮೆ ಆಗುತ್ತಿತ್ತು, ಅದು ಇನ್ನೂ ಕೆಟ್ಟದ್ದು.

ಅದಕ್ಕೆ ಅಲ್ಲಿಯವರು ಎರಡು ಮದ್ದು ಕಂಡುಕೊಂಡಿದ್ದರು. ಒಂದು, ಎಲ್ಲವನ್ನೂ ಅಳಿಸಿ ಮೊದಲಿನಿಂದ ಬಿಲ್ಡ್ ಮಾಡುವುದು, ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಅದಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಕಚೇರಿಯ ಅರ್ಧ ಜನ ಸದಾ ಕಾಫಿ ಯಂತ್ರದ ಮುಂದೆ ನಿಂತಿರುತ್ತಿದ್ದರು, ಕೇಳಿದರೆ ಬಿಲ್ಡ್ ಆಗುತ್ತಿದೆ ಎನ್ನುತ್ತಿದ್ದರು. ಇನ್ನೊಂದು ಕಳ್ಳಮದ್ದು: ಯಂತ್ರ ಬರೆದ ಫೈಲನ್ನೇ ತೆರೆದು ಕೈಯಾರೆ ತಿದ್ದಿಬಿಡುವುದು. ಆ ಫೈಲಿನ ಮೊದಲ ಸಾಲಿನಲ್ಲೇ ‘ಇದನ್ನು ಕೈಯಿಂದ ತಿದ್ದಬೇಡಿ’ ಎಂದು ಬರೆದಿತ್ತು. ಅವರು ಎರಡನೆಯ ಸಾಲಿನಿಂದ ತಿದ್ದುತ್ತಿದ್ದರು.

ಅವಳ ಗಂಡ ದರ್ಜಿ. ಒಂದು ಸಂಜೆ ಅಂಗಡಿಯಲ್ಲಿ ಕೂತು ಈ ಗೋಳು ತೋಡಿಕೊಂಡಾಗ ಅವನು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, “ಇದು ನಮ್ಮಂಗಡಿ ರೋಗಾನೇ ಕಣೆ” ಎಂದ. “ಗಿರಾಕಿಗೆ ಹೊಟ್ಟೆ ಬಂದಿದೆ ಅಂತ ಅಂಗಿ ಬಿಚ್ಚಿ ಸಡಿಲ ಮಾಡ್ತೀನಿ. ಅಳತೆ ಪುಸ್ತಕದಲ್ಲಿ ತಿದ್ದೋದು ಮರೀತೀನಿ. ಮುಂದಿನ ಅಂಗಿ ಮತ್ತೆ ಬಿಗಿ.”

ಮೂರು ತಿಂಗಳು ಅವಳು ಅದನ್ನೇ ಹಿಡಿದು ಕೂತಳು. ಪ್ರತಿ ಬಿಲ್ಡಿಗೂ ಮೊದಲು ಯಂತ್ರ ಸೆಟ್ಟಿಂಗ್ ಫೈಲಿನ ಗುರುತು, ಅಂದರೆ ಒಳಗೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಅಕ್ಷರಗಳ ಸಾಲು, ನೋಡಬೇಕು. ಹೋದ ಸಲದ ಗುರುತಿಗೆ ಹೊಂದದಿದ್ದರೆ ಎರಡನೆಯ ಫೈಲನ್ನು ಹೊಸದಾಗಿ ಬರೆಯಬೇಕು, ಹೊಂದಿದರೆ ತೆಪ್ಪಗಿರಬೇಕು. ಎರಡನೆಯದನ್ನು ಯಾರಾದರೂ ಕೈಯಿಂದ ತಿದ್ದಿದ್ದರೆ ಅದನ್ನು ಎಸೆದು ಮತ್ತೆ ಬರೆಯಬೇಕು. ಕೆಲಸ ಮುಗಿದ ದಿನ ಬಿಲ್ಡ್ ನಲವತ್ತು ಸೆಕೆಂಡಿನಲ್ಲಿ ಆಯಿತು. ಕಾಫಿ ಹಿಡಿಯಲು ಹೋದವರು ಖಾಲಿ ಲೋಟ ಹಿಡಿದೇ ಓಡಿ ಬಂದರು. ಅವಳಿಗೆ ಮೇಜಿನ ಮೇಲೆ ಹತ್ತಿ ಕುಣಿಯುವಷ್ಟು ಖುಷಿ.

ಇನ್ನು ಉಳಿದದ್ದು ಯಜಮಾನರ ಕಂಪ್ಯೂಟರ್ ಒಂದೇ. ಕಂಪನಿ ಕಟ್ಟಿದವರು ಅವರು. ಹೊರಗೆ ಹೋಗುವ ಪ್ರತಿ ಬೋರ್ಡಿಗೂ ಪ್ರೋಗ್ರಾಮು ಆ ಕಂಪ್ಯೂಟರಿನಿಂದಲೇ ಇಳಿಯಬೇಕು, ಅದರಲ್ಲಿ ಯಾರೂ ಏನನ್ನೂ ಅಳಿಸಬಾರದು ಎಂಬುದು ಹನ್ನೊಂದು ವರ್ಷದ ಕಟ್ಟಪ್ಪಣೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಉಳಿದವರು ನೋಡುತ್ತಿರುವಾಗಲೇ ಇವಳು ಹೋಗಿ ಕೇಳಿದಳು.

“ಹಾಕ್ಕೋ” ಎಂದರು ಯಜಮಾನರು. “ಆದ್ರೆ ಶುಕ್ರವಾರ ವರ್ಷದ ತಪಾಸಣೆಗೆ ಲಿಫ್ಟ್ ಇನ್‌ಸ್ಪೆಕ್ಟರ್ ಬರ್ತಾರೆ. ಅಷ್ಟರಲ್ಲಿ ಒಂದು ಎಡವಟ್ಟಾದ್ರೂ ಇದನ್ನ ಕಿತ್ತು ಹಾಕ್ತೀನಿ. ನೀನು ಬೆಸುಗೆ ಮೇಜಿಗೆ ವಾಪಸ್.”

ಗುರುವಾರ ಬೆಳಿಗ್ಗೆ ಅವಳು ಹಳೆಯದನ್ನೆಲ್ಲ ನಕಲು ಮಾಡಿಟ್ಟು, ಹೊಸದನ್ನು ಹಾಕಿ, ಬಿಲ್ಡ್ ಮಾಡಿ, ಕಟ್ಟಡದ ಲಿಫ್ಟಿಗೇ ಇಳಿಸಿದಳು. ಯಜಮಾನರು ಮೊಬೈಲ್ ನೋಡುತ್ತ ಒಳಗೆ ಕಾಲಿಟ್ಟರು. ಅವರು ನಿಧಾನದ ಆಸಾಮಿ, ಹೊಟ್ಟೆ ಮೊದಲು ಹೋಗಿ ಉಳಿದ ಮೈ ಹಿಂದಿನಿಂದ ಬರುತ್ತದೆ. ಬಾಗಿಲು ಬಂದು ಹೊಟ್ಟೆಗೆ ತಾಗಿ ಹಿಂದೆ ಸರಿಯಿತು. ಅವರು ಗಾಬರಿಯಿಂದ ಅಲ್ಲೇ ನಿಂತರು. ಅದು ಮತ್ತೆ ಬಂತು, ಮತ್ತೆ ತಾಗಿತು. ಮೂರನೆಯ ಸಲಕ್ಕೆ ನೋಡಲು ಸಾಲಾಗಿ ನಿಂತಿದ್ದ ಕಚೇರಿಯವರೆಲ್ಲ ಗೋಡೆಯ ಕಡೆ ತಿರುಗಿಕೊಂಡರು, ಭುಜಗಳು ಮಾತ್ರ ಕುಲುಕುತ್ತಿದ್ದವು. ಬಿಲ್ಡಕ್ಕನಿಗೆ ನಗು ಬರಲಿಲ್ಲ. ಸಂಜೆಯೊಳಗೆ ಸರಿಯಾಗದಿದ್ದರೆ ಹಳೇ ಗಂಡನ ಪಾದವೇ ಗತಿ ಎಂದು ಹೇಳಿ ಯಜಮಾನರು ಮೆಟ್ಟಿಲು ಹತ್ತಿ ಹೋದರು.

ಅವಳು ಹಳೆಯ ನಕಲನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಒಂದೇ ಒಂದು ಸಾಲು ಬೇರೆ. ಬಾಗಿಲು ತೆರೆದಿರುವ ಹೊತ್ತು ಸೆಟ್ಟಿಂಗ್ ಫೈಲಿನಲ್ಲಿ ಮೂರು ಸೆಕೆಂಡು. ಯಂತ್ರ ಬರೆದದ್ದೆನ್ನುವ ಹಳೆಯ ಫೈಲಿನಲ್ಲಿ ಎಂಟು. ಯಾರೋ ಕೈ ಹಾಕಿದ್ದಾರೆ. ಅವಳು ಎದ್ದು ನಿಂತು, ಆ ಫೈಲನ್ನು ಕೈಯಿಂದ ತಿದ್ದಿದವರು ಯಾರು ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಇಲ್ಲಿ ಹೆಗಲು ಮುಟ್ಟಿಕೊಳ್ಳದವರೇ ಇರಲಿಲ್ಲ. ಟೆಸ್ಟಿಂಗಿನವನು ಗಂಟೆಯ ಸದ್ದು ತಲೆನೋವೆಂದು ತನ್ನ ಕಂಪ್ಯೂಟರಿನಲ್ಲಿ ಅದನ್ನು ಸೊನ್ನೆ ಮಾಡಿದ್ದ. ಮೋಟಾರು ನೋಡಿಕೊಳ್ಳುವವಳು ನೆಲಮಹಡಿಯನ್ನು ಒಂದು ಎಂದು ಎಣಿಸುತ್ತಿದ್ದಳು. ಮೂಲೆಯ ಹಿರಿಯರೊಬ್ಬರು ತಮ್ಮ ಲಿಫ್ಟಿಗೆ ಹದಿಮೂರನೆಯ ಮಹಡಿಯೇ ಇಲ್ಲದಂತೆ ಮಾಡಿಕೊಂಡಿದ್ದರು. ಹೊಸ ಬಿಲ್ಡ್ ಬರುವ ತನಕ ಒಂಬತ್ತು ಕಂಪ್ಯೂಟರು, ಒಂಬತ್ತು ಥರದ ಲಿಫ್ಟು. ಮೇಜಿನ ಮೇಲೆ ಟೆಸ್ಟ್ ಮಾಡುವ ಬೋರ್ಡಿಗೆ ನಿಜವಾದ ಬಾಗಿಲೂ ಇಲ್ಲ, ಮಹಡಿಯೂ ಇಲ್ಲ, ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಈಗ ಅವಳಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ಆದರೆ ಆ ಎಂಟನ್ನು ಮಾತ್ರ ಯಾರೂ ಒಪ್ಪಿಕೊಳ್ಳಲಿಲ್ಲ.

ಉಳಿದವರು ಒಬ್ಬರೇ. ಅವಳು ಎರಡು ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಯಜಮಾನರ ಕೋಣೆಗೆ ಹೋಗಿ ಮುಂದಿಟ್ಟಳು. ಅವರು ಆ ಎಂಟರ ಮೇಲೆ ಬೆರಳಿಟ್ಟರು.

“ನಾನೇ ಕಣಮ್ಮ” ಎಂದರು. “ಆಗ ನಮ್ಮಮ್ಮ ಮಂಡಿ ಹಿಡಿದುಕೊಂಡು ನಡೆಯೋರು. ಈ ಲಿಫ್ಟಿನ ಬಾಗಿಲು ಅವರಿಗೆ ಎರಡು ಸಲ ಬಡಿದುಬಿಡ್ತು. ಓಡಿ ಬಂದು ಕೈಗೆ ಸಿಕ್ಕಿದ ಫೈಲಲ್ಲಿ ಎಂಟು ಅಂತ ಬರೆದೆ. ಅದು ಅಳಿಸಿ ಹೋಗಬಾರದು ಅಂತ ಈ ಮಷಿನ್ ಯಾರಿಗೂ ಮುಟ್ಟಕ್ಕೆ ಬಿಡಲಿಲ್ಲ. ಆಮೇಲೆ ಯಾಕೆ ಬಿಡ್ತಿಲ್ಲ ಅನ್ನೋದೇ ಮರೆತುಹೋಯ್ತು.”

ಅವಳಿಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದೇ ಎಂಟನ್ನು ಈಗ ಸೆಟ್ಟಿಂಗ್ ಫೈಲಿನಲ್ಲಿ ಬರೆಯಿರಿ, ಇನ್ನು ಯಾವ ಕಂಪ್ಯೂಟರಿನಲ್ಲೂ ಅಳಿಸಿಹೋಗುವುದಿಲ್ಲ ಎಂದಳು. ಅವರು ಒಂದು ಬೆರಳಿನಿಂದ ಮೂರನ್ನು ಅಳಿಸಿ ಎಂಟು ಒತ್ತಿದರು. ನಲವತ್ತು ಸೆಕೆಂಡಿನಲ್ಲಿ ಬಿಲ್ಡ್ ಆಯಿತು, ಅವಳು ಅದನ್ನು ಲಿಫ್ಟಿಗೆ ಇಳಿಸಿದಳು. ಆಮೇಲೆ ಯಜಮಾನರು ಲಿಫ್ಟಿನೊಳಗೆ ನಾಲ್ಕು ಸಲ ಹೋಗಿ ಬಂದರು. ನಾಲ್ಕನೆಯ ಸಲ ಬೇಕೆಂದೇ ನಿಧಾನ ಮಾಡಿದರು. ಬಾಗಿಲು ಕಾದು ನಿಂತಿತು.

ಶುಕ್ರವಾರ ಬಂದ ಇನ್‌ಸ್ಪೆಕ್ಟರ್ ದಪ್ಪ ಕನ್ನಡಕದ ಹೆಂಗಸು, ನಗುವನ್ನು ಮನೆಯಲ್ಲೇ ಬಿಟ್ಟು ಬರುವವರು. ಈ ಯಜಮಾನರು ರಜಾ ಹಾಕಿದರೆ ಪ್ರೋಗ್ರಾಮು ಮಾಡುವವರು ಯಾರು ಎಂದು ಅವರು ಪ್ರತಿ ವರ್ಷ ಕೇಳುತ್ತಿದ್ದರು. ನಾನು ರಜಾ ಹಾಕುವುದಿಲ್ಲ ಎಂದು ಇವರು ಪ್ರತಿ ವರ್ಷ ಹೇಳುತ್ತಿದ್ದರು. ಈ ಸಲ ಯಜಮಾನರು ಕೋಣೆಯ ಕಡೆ ಕೈ ತೋರಿಸಿ, “ಯಾವ ಕಂಪ್ಯೂಟರಲ್ಲಿ ಬೇಕೋ ಅದರಲ್ಲಿ ನೀವೇ ಮಾಡಿ ನೋಡಿ” ಎಂದರು.

ಆಕೆ ಹುಡುಕಿ ಹುಡುಕಿ ಮೂಲೆಯ ಹಿರಿಯರ ಕಂಪ್ಯೂಟರನ್ನೇ ಆರಿಸಿದರು. ಹದಿಮೂರನೆಯ ಮಹಡಿ ಮಾಯವಾಗಿದ್ದದ್ದು ಅದರಲ್ಲೇ. ಬಿಲ್ಡ್ ಆಯಿತು. ಆ ಪ್ರೋಗ್ರಾಮಿನ ಗುರುತು ಅರವತ್ತನಾಲ್ಕು ಅಕ್ಷರ ಉದ್ದ, ಯಜಮಾನರ ಕಂಪ್ಯೂಟರಿನದಕ್ಕೆ ಒಂದೊಂದೂ ಹೊಂದಬೇಕು. ಇನ್‌ಸ್ಪೆಕ್ಟರ್ ಒಂದೊಂದೇ ಓದುತ್ತ ಹೋದರು, ಟೆಸ್ಟಿಂಗಿನವನು ಯಜಮಾನರ ಕಂಪ್ಯೂಟರಿನ ಮುಂದೆ ಕೂತು ಹೂಂ ಹೂಂ ಎನ್ನುತ್ತ ಹೋದ. ನಲವತ್ತು ದಾಟುವಷ್ಟರಲ್ಲಿ ಇಡೀ ಕೋಣೆಯೇ ಹೂಂಗುಟ್ಟುತ್ತಿತ್ತು. ಅರವತ್ತನಾಲ್ಕನೆಯದಕ್ಕೆ ಇನ್‌ಸ್ಪೆಕ್ಟರೂ ಹೂಂ ಎಂದರು, ಎಂದದ್ದು ತಮಗೇ ಗೊತ್ತಾಗಿ ನಕ್ಕುಬಿಟ್ಟರು.

ತಪಾಸಣೆಯ ಪತ್ರದಲ್ಲಿ ಬಿಲ್ಡಿನ ಹೊಣೆ ಯಾರದು ಎಂಬ ಜಾಗಕ್ಕೆ ಬಂದಾಗ ಯಜಮಾನರು ಬಿಲ್ಡಕ್ಕನ ಹೆಸರು ಬರೆದು, ಪೆನ್ನನ್ನು ಅವಳ ಕೈಗೆ ಕೊಟ್ಟರು. ಅವಳ ಸಹಿ ಗೆರೆಯಿಂದ ಆಚೆ ಹಾರಿಹೋಯಿತು. ಸೋಮವಾರದಿಂದ ಒಂದು ವಾರ ತಂಗಿಯ ಮನೆಗೆ, ಅಮ್ಮನ ಹತ್ತಿರ ಹೋಗುತ್ತೇನೆ, ಯಾರೂ ಫೋನ್ ಮಾಡಕೂಡದು ಎಂದು ಯಜಮಾನರು ಎಲ್ಲರಿಗೂ ಕೇಳುವಂತೆ ಹೇಳಿದರು.

ಯಾರೂ ಮಾಡಲಿಲ್ಲ. ಬುಧವಾರ ಮಧ್ಯಾಹ್ನ ಅವರೇ ಮಾಡಿದರು.

“ಒಬ್ಬರೂ ಫೋನ್ ಮಾಡಲಿಲ್ವಲ್ಲಮ್ಮ” ಎಂದರು. “ಎಲ್ಲ ಸರಿ ಇದೆಯಾ?”

“ಎಲ್ಲ ಸರಿ ಇದೆ ಸಾರ್. ಅದಕ್ಕೇ ಮಾಡಲಿಲ್ಲ.”

ಆ ಕಡೆಯಿಂದ ಒಂದು ಮುದಿ ಹೆಣ್ಣುದನಿ, ಫೋನ್ ಇಟ್ಟು ಊಟಕ್ಕೆ ಬಾರೋ ಎಂದು ಗದರಿಸಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.