ಕುಂಟುವ ಬಾತು ಬಂದಿರಲಿಲ್ಲ

ನೂರಾ ಹದಿನಾಲ್ಕರವರೆಗೆ ಎಣಿಸಿದ್ದೆ. ಅಷ್ಟರಲ್ಲಿ ನೀರು ಕುಡಿಯಲು ಕುರಿಗಳ ಹಿಂಡು ಏರಿಯಿಂದ ಇಳಿಯಿತು. ಹೆಬ್ಬಾತುಗಳೆಲ್ಲ ಒಮ್ಮೆಲೇ ಎದ್ದು ತುಸು ದೂರ ಹೋಗಿ ಇಳಿದು, ದಡ ಹತ್ತಿ ಮೇಯತೊಡಗಿದವು. ಹಗರಿಬೊಮ್ಮನಹಳ್ಳಿ ಹತ್ತಿರದ ಕೆರೆಯಲ್ಲಿ ನವೆಂಬರಿನ ಹಕ್ಕಿ ಎಣಿಕೆ ಅದು. ಬೆಳಗಿನಿಂದ ಪಟ್ಟ ಪಾಡು ನೀರುಪಾಲಾಯಿತೆಂದು ನನಗೆ ಸಿಟ್ಟೇ ಬಂತು.

ಕುರಿ ಕಾಯುವ ಅಜ್ಜ ಮಾತ್ರ ಕೋಲಿಗೆ ಗದ್ದ ಊರಿ ಬಾತುಗಳನ್ನೇ ನೋಡುತ್ತಿದ್ದ. "ನಿನ್ನಿ ಒಂದು ಕುಂಟತಿತ್ತು. ಇವತ್ತ ಅದು ಬಂದಿಲ್ಲ ನೋಡವ್ವಾ," ಎಂದ.

ದುರ್ಬೀನು ಹಿಡಿದು ಒಂದೊಂದನ್ನೇ ನೋಡಿದೆ. ಕುಂಟುವುದು ಯಾವುದೂ ಇರಲಿಲ್ಲ. ಎಣಿಸದೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಕುರೀನೂ ನಾವು ಎಣಸಂಗಿಲ್ಲವ್ವಾ, ಎಣಿಸಿದ್ರ ಹಿಂಡು ಕಮ್ಮಿ ಆಗತೈತಿ ಅಂತಾರ. ಒಂದೊಂದರ ಮಾರಿ, ಮುಖ ನೋಡತೀವಿ. ಯಾವುದಿಲ್ಲ ಅಂತ ಕಣ್ಣಿಗೆ ತಿಳಿತೈತಿ."

ಅಜ್ಜ ಕುರಿ ಹೊಡೆದುಕೊಂಡು ಹೋದ ಮೇಲೆ ಮೊದಲಿನಿಂದ ಎಣಿಸಿ ಫಾರಂ ತುಂಬಿದೆ. ಇನ್ನೂರಾ ಆರು. ಕೆಲಸ ಮುಗಿದಿತ್ತು, ಬಸ್ಸಿಗೆ ಹೊತ್ತಾಗಿತ್ತು. ಆದರೂ ನೆಟ್ಟಗೆ ನಡೆಯುವ ಆ ಇನ್ನೂರಾ ಆರರ ನಡುವೆ ಕುಂಟುವ ಒಂದನ್ನು ಹುಡುಕುತ್ತ ನಿಂತೇ ಇದ್ದೆ.