ಹಾಕಿದ ಸಹಿ ವಾಪಸು ತರಲು ಗದ್ವಾಲಿಗೆ

ಹೈದರಾಬಾದಿನ ಇಮ್ಲಿಬನ್ ನಿಲ್ದಾಣದಿಂದ ನಾರಾಯಣಪೇಟೆಯ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಟಿತು. ನಾನು ಆರಕ್ಕೇ ಹೋಗಿ ಕೂತಿದ್ದೆ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಬ್ಬಳೇ ಹೊರಟವಳಿಗೆ ಕಿಟಕಿಯ ಸೀಟು ಬಿಟ್ಟರೆ ಬೇರೆ ಆಂಬಿಷನ್ ಇರುವುದಿಲ್ಲ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರಿಗೆ ಪುಕ್ಕಟೆಯ ಜೀರೋ ಟಿಕೆಟ್ ಕೊಟ್ಟಳು. ಸಂಕ್ರಾಂತಿ ಕಳೆದು ತಿಂಗಳಾಗಿತ್ತು. ಬೆಳಿಗ್ಗೆ ಶಾಲು ಬೇಕು, ಹತ್ತು ಗಂಟೆಗೆ ಅದೇ ಶಾಲು ಭಾರ.

ಮಕ್ತಲ್ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ತಂದೆ ಬಿಟ್ಟುಹೋದ ಆರು ಎಕರೆ ಹೊಲ ಇದೆ. ಒಡೆತನದ ಪಟ್ಟಾ ಪಾಸ್‌ಬುಕ್ಕಿನಲ್ಲಿ ನನ್ನ ಫೋಟೊ ಇದೆ. ಹೊಲದಲ್ಲಿ ನಾನು ಕಾಲಿಟ್ಟು ಒಂಬತ್ತು ವರ್ಷವಾಗಿತ್ತು. ಅದನ್ನು ಪಾಲಿಗೆ ಮಾಡುತ್ತಿರುವವಳು ಮಲ್ಲಮ್ಮ, ಕುರುಬರ ಮನೆಯ ಹೆಂಗಸು. ಗಂಡ ಕುರಿ ಕಾಯುತ್ತ ತಿಂಗಳುಗಟ್ಟಲೆ ಹೊರಗೇ ಇರುವುದರಿಂದ ಹೊಲದ ಹೊಣೆಯೆಲ್ಲ ಅವಳದೇ. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ನನ್ನ ಅಣ್ಣನ ಮಗ ವೀರೇಶ ಫೋನು ಮಾಡಿದ್ದ: ಹೊಲಕ್ಕೆ ಬೋರ್ ಹಾಕಿಸೋಣ, ಅನುಮತಿಯ ಅರ್ಜಿಗೆ ಪಟ್ಟಾದಾರರ ಸಹಿ ಬೇಕು, ಬನ್ನಿ ಎಂದು. ನನಗೂ ಸಂತೋಷವಾಗಿತ್ತು. ಇಷ್ಟು ವರ್ಷ ಮಳೆ ನಂಬಿ ಬದುಕಿದ ಮಲ್ಲಮ್ಮನಿಗೆ ಒಂದು ಗಿಫ್ಟ್ ಕೊಟ್ಟ ಹಾಗಾಗುತ್ತದೆ ಎಂದುಕೊಂಡೆ.

ಕೋಸಗಿಯಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಮಿರ್ಚಿ ಭಜಿ ಖಾರವಿತ್ತು, ಚಹ ಅದಕ್ಕಿಂತ ಬಿಸಿ. ಅಲ್ಲಿ ಹತ್ತಿದ ಮರಿಕಲ್ ಕಡೆಯ ಹೆಂಗಸೊಬ್ಬಳು ಟವೆಲ್ಲಿನಲ್ಲಿ ಸುತ್ತಿದ ಒಂದು ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಏನಮ್ಮಾ ಅದು ಎಂದೆ.

"ಬೋರಿನ ಮೋಟಾರ್ರಿ. ಸುಟ್ಟಿತ್ತು, ರಿಪೇರಿ ಮಾಡ್ಸಿಕೊಂಡು ಹೊಂಟೀನಿ. ಈ ಸುಗ್ಗ್ಯಾಗ ಮೂರನೇ ಸರ್ತಿ."

"ಯಾಕೆ ಅಷ್ಟು ಸಲ?"

"ನೀರಿಲ್ಲದಲ್ಲಿ ತಿರುಗಿದ್ರ ಸುಡ್ದ ಏನ್ ಮಾಡ್ತೈತ್ರೀ ಪಾಪ? ಬಾಜೂಕಿನವ್ರು ನಮಗಿಂತ ಆಳಕ್ಕ ಇಳಿಸ್ಯಾರ."

ಆ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದಿನ ಎರಡು ದಿನದ ಓಡಾಟ ಉಳಿಯುತ್ತಿತ್ತು. ನಾನು ಕಿಟಕಿಯಿಂದ ಹಳದಿಯಾದ ತೊಗರಿ ಕಟ್ಟಿಗೆ ನೋಡುತ್ತ ಕೂತೆ.

ನಾರಾಯಣಪೇಟೆ ಮುಟ್ಟಿದಾಗ ಹನ್ನೆರಡೂವರೆ. ನನ್ನ ಬಾಲ್ಯದ ಓಣಿಗಳು ಇನ್ನೂ ಕಿರಿದಾಗಿ ಕಂಡವು. ಎಂಟನೇ ವಯಸ್ಸಿಗೆ ನನ್ನನ್ನು ಇಲ್ಲಿಂದಲೇ ಸಿಕಂದರಾಬಾದಿನ ಕಾನ್ವೆಂಟ್ ಬೋರ್ಡಿಂಗಿಗೆ ಕಳಿಸಿದರು. ಅವತ್ತಿನಿಂದ ಈ ಊರಿಗೆ ನಾನು ವಿಸಿಟರ್. ವೀರೇಶನ ಹೆಂಡತಿ ಶೇಂಗಾ ಹೋಳಿಗೆ ಮಾಡಿದ್ದಳು. ಊಟವಾದ ಮೇಲೆ ಅವನು ಅರ್ಜಿ ತಂದ. ಊರಿನ ಕುಡಿಯುವ ನೀರಿನ ಬೋರಿನ ಹತ್ತಿರ ಹೊಸ ಬೋರಿಗೆ ಅನುಮತಿ ಸಿಗುವುದಿಲ್ಲವಂತೆ. "ಅದಕ್ಕ ಹೊಲದ ಆ ತುದಿಗೆ ಬೋರಿನ ಪಾಯಿಂಟ್ ಇಡ್ಸೀನಿ ಅತ್ತಿ. ಅಂಗೈಮ್ಯಾಗ ತೆಂಗಿನಕಾಯಿ ಇಟ್ಕಂಡು ನೀರು ನೋಡೋರ್ನ ಕರ್ಸಿದ್ದೆ. ಕಾಯಿ ಎದ್ದು ನಿಂತ್ತು ನೋಡ್ರಿ! ಮೂಸಂಬಿ ಹಚ್ಚೋಣು."

"ಮಲ್ಲಮ್ಮ ಏನಂತಾಳೆ?"

"ಆಕಿ ಏನಂತಾಳ? ನೀರು ಬಂದ್ರ ಯಾರರ ಬ್ಯಾಡಂತಾರೇನು? ನಿಮ್ಮ ಇಂಗ್ಲಿಷ್ ಸಹಿ ಒಂದು ಬಡೀರಿ, ಆಫೀಸರ್ ಎದ್ದು ನಿಲ್ಲಬೇಕು."

ಕನ್ನಡಕ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ಹೊಗಳಿಕೆಗೆ ಈ ವಯಸ್ಸಿನಲ್ಲೂ ಕರಗುತ್ತೇನೆ ಎಂಬುದು ನನ್ನ ವೀಕ್‌ನೆಸ್. ಸಿಸ್ಟರ್‌ಗಳು ಕಲಿಸಿದ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿದೆ.

ಮರುದಿನ ಮಕ್ತಲ್‌ಗೆ ಒಂದು ಗಂಟೆಯ ಬಸ್ಸು. ಅಲ್ಲಿಂದ ಹಳ್ಳಿಗೆ ಆಟೋ. ಹಳ್ಳಿಯ ಹೆಸರು ಬರೆಯಬೇಡಿ ಎಂದು ಊರಿನವರೇ ಕೇಳಿಕೊಂಡಿದ್ದಾರೆ. ಬಾಗಿಲಲ್ಲೇ ಮಲ್ಲಮ್ಮನಿಗೆ ಸುದ್ದಿ ಹೇಳಿದೆ, ಬೋರ್ ಹಾಕಿಸುತ್ತಿದ್ದೇವೆ, ಸಹಿ ಆಯಿತು ಎಂದು. ಅವಳ ಕೈಯಲ್ಲಿದ್ದ ನೀರಿನ ತಂಬಿಗೆ ನನ್ನವರೆಗೆ ಬರಲಿಲ್ಲ.

"ಸಹಿ ಮಾಡೇಬಿಟ್ರಿ?"

"ಯಾಕೆ, ಬೇಡವಾಗಿತ್ತಾ?"

"ಬರ್ರಿ ಅಮ್ಮಾರೆ, ಮದ್ಲ ಹೊಲ ನೋಡ್ರಿ."

ಎರಡು ಎಕರೆ ಶೇಂಗಾ. ಎಲೆಗಳು ಮಡಚಿಕೊಂಡಿದ್ದವು. ಕಾಯಿ ಕಟ್ಟುವ ಹೊತ್ತು, ಈಗ ನೀರು ತಪ್ಪಿದರೆ ಬರೀ ಸಿಪ್ಪೆ ಎಂದಳು. ಬದುವಿನಾಚೆಯಿಂದ ಕಪ್ಪು ಪೈಪೊಂದು ಬಂದು ಅವಳ ಸ್ಪ್ರಿಂಕ್ಲರ್‌ಗೆ ಸೇರಿತ್ತು. ಬದುವಿನಲ್ಲಿದ್ದ, ನೀರು ಬಿಡುವ ಅದರ ವಾಲ್ ಬಂದ್ ಆಗಿತ್ತು. ಬಂದ್ ಮಾಡಿದವನು ಪಕ್ಕದ ಹೊಲದ ಭೀಮಣ್ಣ, ಬೋರಿನ ಮಾಲೀಕ. ಅವನೂ ಬಂದು ನಿಂತ. ಅವನ ಬಾಯಿಂದ ನನಗೆ ಇಡೀ ಕಥೆ ಗೊತ್ತಾಯಿತು.

ಎರಡು ಬೇಸಿಗೆಯ ಹಿಂದೆ ಅಲ್ಲಿ ಹಟಕ್ಕೆ ಬಿದ್ದವರಂತೆ ಬೋರ್ ಹಾಕಿದ್ದರು. ಒಬ್ಬನಿಗೆ ನೀರು ಬಿದ್ದ ವಾರದಲ್ಲಿ ಇನ್ನೊಬ್ಬನದು ನಿಲ್ಲುತ್ತಿತ್ತು. ಕೊನೆಗೆ ಊರಿನ ಕುಡಿಯುವ ನೀರಿನ ಬೋರೂ ಬರೀ ಗಾಳಿ ಉಗುಳಿತು. ಆಮೇಲೆ ಬೀರಪ್ಪನ ಗುಡಿಯಲ್ಲಿ ಎಲ್ಲರೂ ಕೂಡಿ ಒಂದು ಕಟ್ಟು ಮಾಡಿಕೊಂಡರು: ಇನ್ನು ಮೇಲೆ ಯಾರೂ ಹೊಸ ಬೋರ್ ಹಾಕಬಾರದು, ಇದ್ದವರು ಬೇಸಿಗೆಗೆ ಭತ್ತ ಹಚ್ಚಬಾರದು, ಇಲ್ಲದವರ ಬೆಳೆಗೆ ಎಂಟು ದಿನಕ್ಕೊಮ್ಮೆ ಪಾಳಿಯ ಮೇಲೆ ನೀರು ಬಿಡಬೇಕು. ಕಾಗದವಿಲ್ಲ, ಸ್ಟಾಂಪ್ ಇಲ್ಲ. ಬೀರಪ್ಪನ ಭಂಡಾರದಲ್ಲಿ, ಅಂದರೆ ದೇವರ ಅರಿಶಿನ ಪುಡಿಯಲ್ಲಿ, ಕೈಯಿಟ್ಟು ಮಾತು ಕೊಡಬೇಕು. ಅದೂ ಹೊಲ ಯಾರ ಹೆಸರಲ್ಲಿದೆಯೋ ಅವರ ಕೈ.

"ನಮ್ಮ ಹೊಲಕ್ಕೆ ಯಾರು ಕೈಯಿಟ್ಟರು?" ಎಂದು ಕೇಳಿದೆ.

ಭೀಮಣ್ಣ ನಕ್ಕ. "ಈಕೀನೇ ನೋಡ್ರಿ. ಬಲಗೈ ಇಟ್ಟು ಇದು ನಂದು ಅಂದ್ಲು. ಆಮ್ಯಾಗ ಎಡಗೈ ಇಟ್ಟು, ಇದು ಹೈದರಾಬಾದ್ ಅಮ್ಮಾರದು ಅಂದ್ಲು!"

ನನಗೆ ಸಿಟ್ಟು ಬಂತು. "ಮಲ್ಲಮ್ಮಾ, ನನ್ನನ್ನು ಕೇಳದೆ ನನ್ನ ಹೆಸರಲ್ಲಿ ಪ್ರಾಮಿಸ್ ಮಾಡೋದಾ? ಇದಕ್ಕೆ ಇಂಪರ್ಸನೇಶನ್ ಅಂತಾರೆ. ಕ್ರೈಮ್ ಅದು."

"ಏನಂತಾರೋ ನಂಗೊತ್ತಿಲ್ರಿ," ಎಂದಳು. "ಅವತ್ತ ಐದು ಸರ್ತಿ ಫೋನ್ ಹಚ್ಚೀನಿ, ನೀವು ಎತ್ತಲಿಲ್ಲ. ಗುಡ್ಯಾಗ ಊರ ಮಂದಿ ಕುಂತೈತಿ. ಅಮ್ಮಾರು ನಮ್ಮ ಹೊಟ್ಟಿ ಮ್ಯಾಲ ಕಾಲಿಡಂಗಿಲ್ಲ ಅಂತ ಧೈರ್ಯ ಇತ್ತು, ಇಟ್ಟೆ."

ಆ ದಿನ ನಾನು ಫೋನು ಎತ್ತಿರಲಿಲ್ಲ. ಯಾವ ದಿನವೆಂದು ನೆನಪೂ ಇಲ್ಲ. ಅವಳ ಫೋನು ಬಂದರೆ ಆಮೇಲೆ ಮಾಡಿದರಾಯಿತು ಎನ್ನುವುದು ನನ್ನ ರೂಢಿಯಾಗಿತ್ತು.

ಭೀಮಣ್ಣ ನಗು ಬಿಟ್ಟ. "ಹೊಸ ಬೋರಿನವ್ರಿಗೆ ಹಳೇ ಬೋರಿನ ನೀರು ಯಾಕ್ರಿ ಅಮ್ಮಾರೆ? ನಿಮ್ಮ ಅಳಿಯಾರು ವೀರೇಶಪ್ಪ ಕಾಯಿ ಹಿಡ್ಕಂಡು ತಿರುಗಿದ್ದು ಊರೆಲ್ಲ ನೋಡೈತಿ. ನಿಮ್ಮದೊಂದು ಬಿದ್ರ ನಾಳಿ ಹತ್ತು ಬೀಳ್ತಾವು. ನಾ ಭತ್ತ ಬಿಟ್ಟು ಕುಂತೀನಿ, ನಂಗೇನು ಹುಚ್ಚೇನು? ನಾಳಿ ಸಂಜಿ ಈಕಿ ಪಾಳಿ. ತಪ್ಪಿದ್ರ ಇನ್ನ ಎಂಟು ದಿನಕ್ಕ."

ಎಂಟು ದಿನ ಆ ಶೇಂಗಾ ತಾಳುವಂತಿರಲಿಲ್ಲ. ಅಲ್ಲೇ ಬದುವಿನ ಮೇಲೆ ನಿಂತು ವೀರೇಶನಿಗೆ ಫೋನು ಮಾಡಿದೆ. ಅವನು ಗದ್ವಾಲಿನಲ್ಲಿದ್ದ. ಅರ್ಜಿಯ ಮೇಲೆ ಬೋರ್ ಲಾರಿಯ ಮಾಲೀಕನ ಸಹಿಯೂ ಬೇಕಂತೆ. ಅವನು ಐಜ ಎಂಬ ಊರಿನ ಕಡೆ ಕೆಲಸದಲ್ಲಿದ್ದಾನೆ, ನಾಳೆ ಬರುತ್ತಾನೆ. "ಅರ್ಜಿ ಕೊಡಬೇಡ, ನನಗೆ ಇಷ್ಟ ಇಲ್ಲ" ಎಂದೆ.

"ಹಾಕಿದ ಸಹಿ ಫೋನಿನ್ಯಾಗ ಅಳಸಾಕ ಬರ್ತೈತೇನ್ ಅತ್ತಿ?" ಎಂದು ಇಟ್ಟುಬಿಟ್ಟ.

ಭೀಮಣ್ಣ ನನ್ನನ್ನು ಗುಡಿಗೆ ಕರೆದ. ಬಂದು ಭಂಡಾರದಲ್ಲಿ ಕೈಯಿಡಿ, ನಾಳೆಯ ಪಾಳಿಗೆ ವಾಲ್ ತೆಗೆಯುತ್ತೇನೆ ಎಂದ. ನನ್ನಿಂದಾಗಲಿಲ್ಲ. ನನ್ನ ಸಹಿಯ ಕಾಗದ ಗದ್ವಾಲಿನಲ್ಲಿ ಓಡಾಡುತ್ತಿರುವಾಗ ಇಲ್ಲಿ ಕೈಯಿಟ್ಟರೆ ಅದು ಸುಳ್ಳು ಎಂದೆ. ಅವನು ಒಪ್ಪಿದ. "ಹಂಗಾರ ಕಾಗದ ಕೈಗೆ ಬಂದ ಮ್ಯಾಲ ಇಡ್ರಿ. ಮಲ್ಲಮ್ಮ ಭಂಡಾರ ತಗೊಂಡು ನಿಮ್ಮ ಕೂಡ ಬರ್ತಾಳ. ಅಲ್ಲಿಂದ ಫೋನ್ ಮಾಡ್ರಿ, ತೆಗೀತೀನಿ."

ಮೂರನೆಯ ದಿನ ಏಳಕ್ಕೇ ಮಕ್ತಲ್ ಬಿಟ್ಟೆವು. ಆತ್ಮಕೂರಿನಲ್ಲಿ ಬಸ್ಸು ಬದಲಿಸಬೇಕು; ಅಲ್ಲಿ ಮೂರು ತಾಸು ಕಾದೆವು. ಜೂರಾಲ ಅಣೆಕಟ್ಟಿನ ಮೇಲೆ ಬಸ್ಸು ನಿಧಾನವಾಯಿತು. ಒಂದು ಕಡೆ ಕೃಷ್ಣೆ ಕಣ್ಣು ಹಾಯುವವರೆಗೆ ಮಲಗಿದ್ದಳು. ಅಲ್ಲಿಂದ ಒಣಗಿದ ನಮ್ಮ ಹೊಲ ಎಷ್ಟೂ ದೂರವಿಲ್ಲ. ಮಲ್ಲಮ್ಮ ಕೈಮುಗಿದು, "ನೋಡಾಕ ಛಂದ ಐತ್ರಿ. ನಮ್ಮ ಹೊಲ ಏರಿನ್ಯಾಗೈತಿ, ಅಲ್ಲಿಗೆ ಹತ್ತಾಕ ಬರಂಗಿಲ್ಲ ಈಕಿಗೆ" ಎಂದಳು. ಆಮೇಲೆ ನಿಮಿಷಕ್ಕೊಮ್ಮೆ ನನ್ನ ವಾಚು ನೋಡತೊಡಗಿದಳು. ನಾನೂ ನೋಡುತ್ತಿದ್ದೆ.

ಗದ್ವಾಲಿನಲ್ಲಿ ಐಜ ರಸ್ತೆಯ ಬಯಲಿನಲ್ಲಿ ಎರಡು ಬೋರ್ ಲಾರಿ ನಿಂತಿದ್ದವು, ಮೈತುಂಬ ಕಲ್ಲಿನ ಬೂದಿ. ಮಾಲೀಕ ಖಾದರ್ ಭಾಯಿ ಆಗಷ್ಟೇ ಬಂದು ಕುರ್ಚಿಯ ಮೇಲೆ ಕೂತಿದ್ದ. ಎದುರಿಗೆ ವೀರೇಶ, ಕೈಯಲ್ಲಿ ಅರ್ಜಿ. ನನ್ನನ್ನು ಕಂಡು ಎದ್ದುನಿಂತ.

"ಅತ್ತಿ! ಇಲ್ಲೀ ತನಕ?"

"ಕಾಗದ ಕೊಡು."

"ಊರ ಮಂದಿ ಮಾತು ಕೇಳ್ತೀರಿ. ನಿಮ್ಮ ಹೊಲ, ನಿಮ್ಮ ನೀರು. ಕಾನೂನಿನ ಪ್ರಕಾರನೇ ಅಲ್ಲೇನು ನಾ ಮಾಡಿದ್ದು?"

"ಕಾನೂನು ಸರಿ. ನೆಲದ ಕೆಳಗೆ ಬದು ಹಾಕಿಲ್ಲವಲ್ಲ ಯಾರೂ."

ಖಾದರ್ ಭಾಯಿ ಜೋರಾಗಿ ನಕ್ಕ. "ವಾಹ್ ಅಮ್ಮಾ! ನಮ್ಮ ಗಾಡಿ ಕರಿಯಾಕ ಹಾರ ತರ್ತಾರ, ಕಾಯಿ ತರ್ತಾರ. ಬ್ಯಾಡ ಅನ್ನಾಕ ಬಂದೋರು ನೀವೇ ಮದ್ಲು. ಕೊಡ್ರಿ ವೀರೇಶಪ್ಪಾ, ದೊಡ್ಡೋರ ಮನಸ್ಸಿಲ್ಲದ ಕಡಿ ನಾ ಗಾಡಿ ಹಚ್ಚಂಗಿಲ್ಲ."

ವೀರೇಶ ಅರ್ಜಿಯನ್ನು ನನ್ನ ಕೈಗಿಟ್ಟ. ಮಲ್ಲಮ್ಮನಿಗೆ ಕೇಳಿಸುವ ಹಾಗೇ ಹೇಳಿದ: "ನೀವಿರೋ ತನಕ ಸರಿ ಅತ್ತಿ. ಆಮ್ಯಾಲ ಹೊಲ ಯಾರಿಗೆ ಬರ್ತೈತಿ, ನಿಮಗೂ ಗೊತ್ತೈತಿ, ನಂಗೂ ಗೊತ್ತೈತಿ." ಊಟಕ್ಕೆ ಕರೆಯಲಿಲ್ಲ, ಸ್ಟೇಷನ್ನಿಗೆ ಬರುತ್ತೇನೆ ಎನ್ನಲೂ ಇಲ್ಲ. ಬೈಕು ಹತ್ತಿ ಹೋದ. ಅವನಿಗೆ ನಾಮಕರಣದ ತೊಟ್ಟಿಲು ಕೊಡಿಸಿದವಳು ನಾನು.

ಹೈದರಾಬಾದಿಗೆ ಹಿಂತಿರುಗಲು ನನ್ನ ಕಾಚಿಗುಡದ ರೈಲು ಎರಡೂವರೆಗಿತ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅರ್ಜಿಯನ್ನು ನಾಲ್ಕಾಗಿ ಹರಿದೆ. ಮಲ್ಲಮ್ಮ ಸೆರಗಿನ ಗಂಟಿನಿಂದ ಬಟ್ಟೆಯ ಚೀಲ ತೆಗೆದು ಬಾಯಿ ಅಗಲಿಸಿದಳು. ಯಾವ ಕೈ ಎಂದು ಕೇಳಿದೆ. "ಬಲಗೈ ಇಡ್ರಿ. ಎಡಗೈದು ನಾ ಇಟ್ಟಾಗೈತಿ." ಇಟ್ಟೆ. ಏನು ಹೇಳಬೇಕೋ ತಿಳಿಯದೆ, ಬೋರ್ ಹಾಕಿಸುವುದಿಲ್ಲ ಎಂದಷ್ಟೇ ಹೇಳಿದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. ಅವಳು ಅಷ್ಟರಲ್ಲಿ ಭೀಮಣ್ಣನಿಗೆ ಫೋನು ಹಚ್ಚಿದ್ದಳು.

"ಇಟ್ರು. ಹೂಂ, ಹರಿದ್ರು, ನಾ ಕಣ್ಣಾರೆ ನೋಡೀನಿ. ಏ ಭೀಮಣ್ಣ, ನಾ ಬರೋ ತನಕ ಬಿಡಬ್ಯಾಡೋ, ಪೈಪ್ ಬದಲಿ ಮಾಡೋರು ಯಾರಿಲ್ಲ ಅಲ್ಲಿ!"

ನನಗೆ ವೀರೇಶನ ಮಾತೇ ತಲೆಯಲ್ಲಿತ್ತು. "ಮಲ್ಲಮ್ಮಾ, ನಾನು ಹೋದ ಮೇಲೆ ಏನು ಮಾಡ್ತೀ? ವಿಲ್ ಅಂತ ಒಂದಿರುತ್ತೆ, ಹೊಲದ ಬಗ್ಗೆ ಬರೆದಿಡಬಹುದು, ಕೂತು ಮಾತಾಡಬೇಕು..."

"ಬರೀರಿ ಅಮ್ಮಾರೆ, ಬರೀರಿ. ನಾ ಫೋನ್ ಮಾಡಿದ್ರ ಎತ್ರಿ. ಈಗ ಆತ್ಮಕೂರ್ ಬಸ್ ಹೋಗಿಬಿಡ್ತೈತಿ, ನಾಕಕ್ಕ ನಂದು ಪಾಳಿ" ಎಂದಳು.

ಕಾಲು ಮುಟ್ಟಿದಳೋ ಇಲ್ಲವೋ ತಿಳಿಯುವ ಮೊದಲೇ ಹೊರಟಿದ್ದಳು. ಅಷ್ಟರಲ್ಲೇ ರೈಲೂ ಬಂತು. ನಾನು ಸೀಟು ಹುಡುಕಿ ಕಿಟಕಿಗೆ ಬಂದಾಗ ಸ್ಟೇಷನ್ನಿನ ಹೊರಗಿನ ರಸ್ತೆ ಕಾಣುತ್ತಿತ್ತು. ಸೀರೆ ಎತ್ತಿ ಸಿಕ್ಕಿಸಿಕೊಂಡು ಅವಳು ಓಡುತ್ತಿದ್ದಳು, ಚಲಿಸುತ್ತಿದ್ದ ಬಸ್ಸಿಗೆ ಕೈಯೆತ್ತಿ ಕೂಗುತ್ತ. ಬಸ್ಸು ನಿಂತಿತು. ನನ್ನ ಕಡೆ ತಿರುಗಿ ನೋಡಲು ಅವಳಿಗೆ ಹೊತ್ತಿರಲಿಲ್ಲ.