ಕುಷ್ಟಗಿಯಲ್ಲಿ ನನ್ನ ಬದಲು ಮಾತಾಡಿದವರು

1939ರಲ್ಲಿ ನಾನು ಪಶುವೈದ್ಯ ಸಹಾಯಕನಾಗಿ ಕುಷ್ಟಗಿಗೆ ಬಂದೆ. ನನ್ನ ಊರು ತುಮಕೂರಿನ ಹತ್ತಿರ, ಮೈಸೂರು ಸಂಸ್ಥಾನದ್ದು. ಕುಷ್ಟಗಿ ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಎರಡೂ ಕಡೆ ಜನ ಆಡುವುದು ಕನ್ನಡವೇ. ಆದರೆ ಇಲ್ಲಿ ನಾಣ್ಯ ಬೇರೆ, ಕಚೇರಿಯ ಭಾಷೆ ಉರ್ದು. ಹೊರರಾಜ್ಯದವರಿಗೆ ಅಲ್ಲಿ ‘ಗೈರ್ ಮುಲ್ಕಿ’ ಎನ್ನುತ್ತಿದ್ದರು. ಕಲಿತ ಪಶುವೈದ್ಯರು ಸಿಗದೆ ಇದ್ದುದರಿಂದ ನನಗೆ ಹಂಗಾಮಿ ಕೆಲಸ ಸಿಕ್ಕಿತ್ತು. ಉರ್ದು ಪರೀಕ್ಷೆ ಪಾಸಾದರೆ ಕಾಯಂ ಎಂದು ಕರಾರು.

ಬಂದ ಹೊಸತರಲ್ಲಿ ನಾನು ಬೀದಿಗಿಳಿದರೆ ಜನ ನಿಂತು ನೋಡುತ್ತಿದ್ದರು. ಜರಿಯಂಚಿನ ಮೈಸೂರು ಪೇಟ ಸುತ್ತುವವನು ಆ ಊರಿನಲ್ಲಿ ನಾನೊಬ್ಬನೇ. ಮುದ್ದೆ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕಾಫಿಪುಡಿಯನ್ನು ಊರಿಂದ ತರಿಸಿಕೊಳ್ಳಬೇಕಿತ್ತು. ಒಮ್ಮೆ ಒಬ್ಬ ಮುದುಕಿಯ ಎಮ್ಮೆಯನ್ನು ನೋಡಿ, ಏನೇನು ಮಾಡಬೇಕೆಂದು ವಿವರವಾಗಿ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ ಪಕ್ಕದವನತ್ತ ತಿರುಗಿದಳು.

“ಇವ್ರು ಯಾವ ಭಾಷಾ ಮಾತಾಡ್ತಾರಪಾ?”

“ಕನ್ನಡವೇ ಕಣಮ್ಮ,” ಎಂದೆ.

“ಕನ್ನಡಾ? ಮತ್ತ ನಮಗ್ಯಾಕ ತಿಳಿವಲ್ದು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಅಳು ಬಂದಂತಾಯಿತು. ಸ್ವಂತ ಭಾಷೆಯಲ್ಲೇ ಪರದೇಶಿಯಾಗುವುದು ವಿಚಿತ್ರವಾದ ನೋವು.

ಆ ದಿನ ನನ್ನ ಮಾತನ್ನು ಮುದುಕಿಗೆ ಬಿಡಿಸಿ ಹೇಳಿದವರು ಶರಣಪ್ಪ. ಹತ್ತಿರದ ಒಂದು ಹಳ್ಳಿಯ ಪಾಟೀಲರು, ನನಗಿಂತ ಐದಾರು ವರ್ಷ ದೊಡ್ಡವರು. ರಾಯಚೂರಿನಲ್ಲಿ ಓದಿದ್ದರಿಂದ ಅವರಿಗೆ ಉರ್ದು ನೀರು ಕುಡಿದಷ್ಟು ಸುಲಭ. ಅಂದಿನಿಂದ ಅವರೇ ನನ್ನ ನಾಲಿಗೆಯಾದರು. ಕಚೇರಿಗೆ ಹೋದರೆ ಜೊತೆಗೆ ಬರುತ್ತಿದ್ದರು. ರೈತರು ಸೂಜಿಗೆ ಹೆದರಿದರೆ ಧೈರ್ಯ ಹೇಳುತ್ತಿದ್ದರು. ಮಲೇರಿಯಾ ಬಂದು ನಾನು ಮಲಗಿದಾಗ ಬಂಡಿ ತಂದು ತಮ್ಮ ಮನೆಗೇ ಕರೆದೊಯ್ದರು. ಅವರ ಹೆಂಡತಿ ನೀಲವ್ವ ಗಂಜಿ ಕಾಯಿಸಿ ಕೊಟ್ಟು, “ನೀವೇನ್ ಹೊರಗಿನವರಲ್ಲ ಬಿಡ್ರಿ, ನಮ್ಮ ಮೈದುನ ಇದ್ದಂಗ,” ಎಂದಿದ್ದರು. ನಾನು ಅದನ್ನು ಪೂರ್ತಿ ನಂಬಿದೆ.

1941ರ ಬೇಸಿಗೆಯಲ್ಲಿ ತಾಲ್ಲೂಕಿಗೆ ರಿಂಡರ್‌ಪೆಸ್ಟ್ ಬಂತು. ಅಲ್ಲಿಯವರು ಅದನ್ನು ದೊಡ್ಡ ಬ್ಯಾನಿ ಎನ್ನುತ್ತಿದ್ದರು. ಜ್ವರ ಏರುತ್ತದೆ, ಬಾಯಿ ಹುಣ್ಣಾಗುತ್ತದೆ, ಭೇದಿ ಹಿಡಿದು ದನ ಕುಸಿಯುತ್ತದೆ. ಬಂದ ರೋಗಕ್ಕೆ ಮದ್ದಿಲ್ಲ. ಬಾರದ ಹಾಗೆ ಲಸಿಕೆ ಹಾಕಬಹುದು, ಅಷ್ಟೆ. ಆದರೆ ಸೋಂಕು ಆಗಲೇ ತಗುಲಿ, ಲಕ್ಷಣ ಇನ್ನೂ ಕಾಣದ ದನಕ್ಕೆ ಲಸಿಕೆ ಹಾಕಿದರೆ ಅದು ಉಳಿಯುವುದು ಕಷ್ಟ. ನೋಡುವವರಿಗೆ ಸೂಜಿಯೇ ಕೊಂದಂತೆ ತೋರುತ್ತದೆ. ಆದ್ದರಿಂದ ರೋಗ ಬಂದ ಹಟ್ಟಿಯಿಂದ ದನಗಳನ್ನು ಎಲ್ಲಿಗೂ ಸಾಗಿಸಬಾರದು ಎಂಬುದು ನಮ್ಮ ಮೊದಲ ನಿಯಮ.

ರೋಗ ಮೊದಲು ಕಂಡದ್ದು ಶರಣಪ್ಪನವರ ಹಟ್ಟಿಯಲ್ಲೇ. ಒಂದು ಎತ್ತು ಸತ್ತಿತ್ತು. ಉಳಿದವನ್ನು ಹೊರಗೆ ಬಿಡಬೇಡಿ ಎಂದೆ. “ನಿಮ್ಮ ಮಾತು ಮೀರ್ತೀನೇನ್ರಿ ಡಾಕ್ಟ್ರ?” ಎಂದರು. ನಾಲ್ಕು ದಿನ ಬಿಟ್ಟು ನಾನು ನಿಶ್ಚಿಂತೆಯಿಂದ ಪಕ್ಕದ ಹಳ್ಳಿಗೆ ಲಸಿಕೆ ಹಾಕಲು ಹೋದೆ. ಅಲ್ಲಿ ರೋಗದ ಸುಳಿವೇ ಇರಲಿಲ್ಲ.

ವಾರ ಕಳೆಯುವುದರೊಳಗೆ ಆ ಹಳ್ಳಿಯಲ್ಲಿ ದನಗಳು ಬೀಳತೊಡಗಿದವು. ನಾನು ಓಡಿದೆ. ಜನ ಬಾಗಿಲು ತೆರೆಯಲಿಲ್ಲ. ಒಬ್ಬ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ. “ಮೈಸೂರಾಂವ ಬ್ಯಾನಿ ತಂದಾನ,” ಎಂದು ಯಾರೋ ಕೂಗಿದರು. ಹನುಮವ್ವ ಎಂಬ ವಿಧವೆ ಮಾತ್ರ ಒಳಗೆ ಕರೆದಳು. ಆಕೆ ಶರಣಪ್ಪನವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವಳು. ಕೊಟ್ಟಿಗೆಯಲ್ಲಿ ಒಂದು ಜೋಡಿ ಎತ್ತು ಸತ್ತು ಬಿದ್ದಿತ್ತು. ಒಂದರ ಎಡಗೊಂಬು ಕೆಳಕ್ಕೆ ಬಾಗಿತ್ತು. ಆ ಎತ್ತನ್ನು ನಾನು ಶರಣಪ್ಪನವರ ಹಟ್ಟಿಯಲ್ಲಿ ಎಷ್ಟೋ ಸಲ ನೋಡಿದ್ದೆ.

“ಇದು ಯಾವಾಗ ಬಂತಮ್ಮ?”

“ನೀವು ಸೂಜಿ ಹಾಕಾಕ ಬರೋ ಮುಂಚೇನ ಪಾಟೀಲ್ರು ಮಾರಿದ್ರು. ಕಡಿಮಿಗಿ ಕೊಟ್ರು ಅಂತ ತಗೊಂಡ್ನಿ. ಎಲ್ಲಾ ದನಾನೂ ಒಂದ ಕೆರಿಗಿ ನೀರಿಗೆ ಹೋಗ್ತಾವ್ರಿ.”

ನನಗೆ ಎಲ್ಲವೂ ಅರ್ಥವಾಯಿತು. ಅಲ್ಲಿಂದ ನೆಟ್ಟಗೆ ಶರಣಪ್ಪನವರ ಮನೆಗೆ ಹೋದೆ. ಅವರು ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿ, “ತಪ್ಪಾತ್ರಿ. ಎಲ್ಲಾ ಸತ್ತು ಹೋಗ್ತಾವ ಅನ್ನೋ ಹೆದರಿಕಿ. ಊರವರ ದೂರಿನ ಮ್ಯಾಲ ಸಾಹೇಬ್ರು ವಿಚಾರಣಿಗೆ ಬರ್ತಾರಲ್ಲ, ಅವರ ಮುಂದ ನಾನ ಹೇಳ್ತೀನಿ,” ಎಂದರು. ನನ್ನ ಕೈ ಹಿಡಿದುಕೊಂಡು ಹೇಳಿದರು.

ವಿಚಾರಣೆ ಆ ಹಳ್ಳಿಯ ಚಾವಡಿಯಲ್ಲಿ ನಡೆಯಿತು. ಬಂದ ಅಧಿಕಾರಿ ಸಜ್ಜನರು, ಆದರೆ ಕನ್ನಡ ಬಾರದು. ಎಂದಿನಂತೆ ಶರಣಪ್ಪನವರು ನನ್ನ ಪಕ್ಕ ನಿಂತರು. ನಾನು ಕನ್ನಡದಲ್ಲಿ ಹೇಳಿದೆ: “ನಾನು ಲಸಿಕೆ ಹಾಕುವ ಮೊದಲೇ ರೋಗದ ಎತ್ತುಗಳು ಈ ಊರಿಗೆ ಬಂದಿದ್ದವು. ಎಲ್ಲಿಂದ ಬಂದವೆಂದು ಪಾಟೀಲರೇ ಹೇಳುತ್ತಾರೆ.”

ಶರಣಪ್ಪನವರು ಅಧಿಕಾರಿಯ ಕಡೆ ತಿರುಗಿ ನಿಧಾನವಾಗಿ ಹೇಳಿದರು: “ಡಾಕ್ಟರ್ ಸಾಬ್ ಮಾನ್ತೇ ಹೈಂ, ದವಾ ದೇನೇ ಮೇಂ ಗಲತೀ ಹುಯೀ. ಪರದೇಸೀ ಹೈಂ, ಮಾಫ್ ಕರ್ ದೀಜಿಯೇ.”

ಮದ್ದು ಕೊಡುವುದರಲ್ಲಿ ತಪ್ಪಾಗಿದೆ ಎಂದು ಡಾಕ್ಟರು ಒಪ್ಪುತ್ತಾರೆ, ಪರದೇಶಿ, ಕ್ಷಮಿಸಿಬಿಡಿ ಎಂದು. ಪರೀಕ್ಷೆಗಾಗಿ ನಾನು ಉರ್ದು ಓದುತ್ತಿದ್ದೆ. ಮಾತಾಡಲು ಬಾರದಿದ್ದರೂ ಇಷ್ಟು ತಿಳಿಯುವಷ್ಟು ಕಲಿತಿದ್ದೆ. ಕೇಳಿದ್ದು ನಿಜವೇ ಎಂದು ಅವರ ಮುಖ ನೋಡಿದೆ. ಅವರು ನೋಡಲಿಲ್ಲ.

“ಸಾಬ್, ಯೇ ಮೇರೀ ಬಾತ್ ನಹೀಂ,” ಎಂದು ಕೂಗಿದೆ, ಇದು ನನ್ನ ಮಾತಲ್ಲ ಎಂದು. ಮುಂದೆ ಬೇಕಾದ ಪದಗಳು ಬರಲಿಲ್ಲ. ಎತ್ತು, ಪಾಟೀಲ, ಪೆಹಲೇ, ಅಂದರೆ ಮೊದಲೇ, ಎಂದು ತೊದಲಿದೆ. ಚಾವಡಿಯಲ್ಲಿ ಒಂದಿಬ್ಬರು ನಕ್ಕರು. ಅಧಿಕಾರಿ ನನ್ನನ್ನು ಸುಮ್ಮನಾಗಿಸಲಿಲ್ಲ. ಸಾಕ್ಷಿ ಇದೆಯೇ ಎಂದು ಕೇಳಿದರು. ನಾನು ಹನುಮವ್ವನ ಕಡೆ ಕೈ ತೋರಿದೆ. ಊರಿಗೆ ಊರೇ ಆಕೆಯತ್ತ ತಿರುಗಿತು.

ಆಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, “ನನಗೇನೂ ಗೊತ್ತಿಲ್ರಿ,” ಎಂದಳು.

ಲಸಿಕೆ ನಿಲ್ಲಿಸುವಂತೆ ಹುಕುಂ ಆಯಿತು. ನನ್ನ ಹಂಗಾಮಿ ನೌಕರಿ ಮುಂದುವರಿಯಲಿಲ್ಲ. ಅದಕ್ಕಿಂತ ನನ್ನನ್ನು ಸುಟ್ಟದ್ದು ಬೇರೆ. ಸೂಜಿಯೇ ರೋಗ ತರುತ್ತದೆ ಎಂಬ ಮಾತು ಸುತ್ತಲೂ ಹಬ್ಬಿ, ರೋಗವಿಲ್ಲದ ಹಳ್ಳಿಗಳವರೂ ದನಗಳನ್ನು ಅಡಗಿಸಿಟ್ಟರು. ಉಳಿಸಬಹುದಾಗಿದ್ದ ಎಷ್ಟೋ ದನಗಳು ಆ ಮುಂಗಾರಿನ ಹೊತ್ತಿಗೆ ಸತ್ತವು. ಉಳುವುದಕ್ಕೆ ಜೋಡಿಯಿಲ್ಲದೆ ಹೆಂಗಸರು ಗುದ್ದಲಿ ಹಿಡಿದದ್ದನ್ನು ಹೊರಡುವ ಮೊದಲು ಕಂಡೆ.

ಹೊರಡುವ ದಿನ ಶರಣಪ್ಪನವರು ಬಂಡಿ ಕಳಿಸಿದ್ದರು. ನಾನು ಅದನ್ನು ಹತ್ತಲಿಲ್ಲ. ಅವರೇ ಬಂದರು. ಹಗಲ ಬಿಸಿಲಲ್ಲಿ, ಬೀದಿಯ ನಡುವೆ ಕೇಳಿದೆ, “ಯಾಕೆ ಹೀಗೆ ಮಾಡಿದಿರಿ?”

ಅವರು ಹೇಳಿದರು: “ನಿಮಗೇನ್ರಿ ಡಾಕ್ಟ್ರ, ಹೋಗಾಕ ಒಂದು ಮೈಸೂರು ಐತಿ. ನಾ ಖರೇ ಹೇಳಿದ್ರ ಎಲ್ಲಿಗಿ ಹೋಗ್ಲಿ? ನನಗಿರೋದು ಇದೊಂದ ಊರು.”

ನಾನು ಪೆಟ್ಟಿಗೆ ಎತ್ತಿಕೊಂಡು ನಡೆದೆ. ಮೈದುನನಂತೆ ಎಂದು ಕರೆದ ಮನೆಯಲ್ಲೇ, ಬೇಕಾದ ದಿನ ಬಲಿ ಕೊಡಲು ನನ್ನನ್ನು ಪರದೇಶಿಯಾಗಿ ಉಳಿಸಿಕೊಂಡಿದ್ದರು.

ಆಮೇಲೆ ಮೈಸೂರು ಸಂಸ್ಥಾನದಲ್ಲೇ ಕೆಲಸ ಸಿಕ್ಕಿ, ತೆಲುಗು ಮಾತಾಡುವ ಗಡಿಯ ಹಳ್ಳಿಗಳಿಗೆ ನನ್ನನ್ನು ಹಾಕಿದರು. ಹೋದ ದಿನವೇ ಸಹಾಯಕ್ಕೆ ಒಬ್ಬ ಸಾಹುಕಾರ ಮುಂದೆ ಬಂದ. ನಿಮ್ಮ ಬದಲು ನಾನು ಮಾತಾಡಿಕೊಡುತ್ತೇನೆ ಎಂದ. ಕೈಮುಗಿದು ಬೇಡವೆಂದೆ. ಶಾಲಾ ಮೇಷ್ಟರ ಬಳಿ ತೆಲುಗು ಕಲಿತು, ತಪ್ಪೋ ಒಪ್ಪೋ ನನ್ನ ಬಾಯಿಂದಲೇ ಆಡಿದೆ. ರೋಗ ಬಂದ ಊರಿನಲ್ಲಿ ವೈದ್ಯ ಮೊದಲು ಕಾಪಾಡಬೇಕಾದದ್ದು ತನ್ನ ಮಾತನ್ನು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ನಿವೃತ್ತಿಯವರೆಗೂ ಅದನ್ನು ಬಿಡದೆ ಪಾಲಿಸಿದೆ. ಕೆಲಸಕ್ಕೆ ಎಲ್ಲೂ ಕೆಟ್ಟ ಹೆಸರು ಬರಲಿಲ್ಲ. ಆದರೆ ಅಷ್ಟು ಊರುಗಳಲ್ಲಿ ಒಂದು ಮನೆಯಲ್ಲೂ ಕೂತು ಊಟ ಮಾಡುವಷ್ಟು ಸಲಿಗೆಯನ್ನು ನಾನು ಬೆಳೆಸಿಕೊಳ್ಳಲಿಲ್ಲ.